ಮಂಚಕ್ಕೆ ಮೊದಲು ಒಂದು ಮೇಜು

ರಕ್ತದಾನ ಶಿಬಿರದ ಫೋಟೊಗಳಲ್ಲಿ ಮಂಚ, ಚೀಲ, ಮುಗುಳ್ನಗೆ ಎಲ್ಲ ಇರುತ್ತವೆ. ಅದಕ್ಕೂ ಮೊದಲು ದಾಟಬೇಕಾದ ಮೇಜು ಮಾತ್ರ ಕಾಣುವುದಿಲ್ಲ. ಅಲ್ಲಿ ಪುಟ್ಟ ಗಾಜಿನ ಪಾತ್ರೆಯಲ್ಲಿ ನೀಲಿ ದ್ರಾವಣ. ಮಲೆನಾಡಿನ ಅಡಿಕೆ ಬೆಳೆಗಾರರು ಸುಣ್ಣ ಬೆರೆಸಿ ಕೊಳೆರೋಗಕ್ಕೆ ಹೊಡೆಯುವ ಅದೇ ಮೈಲುತುತ್ತ. ಬೆರಳು ಚುಚ್ಚಿ ಒಂದು ಹನಿ ರಕ್ತ ಬಿಡುತ್ತಾರೆ. ಹದಿನೈದು ಸೆಕೆಂಡಿನೊಳಗೆ ಮುಳುಗಿದರೆ ಡೆಸಿಲೀಟರಿಗೆ 12.5 ಗ್ರಾಂ ಹಿಮೋಗ್ಲೋಬಿನ್ ಇದೆ ಎಂದರ್ಥ. ತೇಲಿದರೆ ಆ ದಿನಕ್ಕೆ ಬೇಡ. ಈಗ ಹಲವೆಡೆ ಮೀಟರ್ ಬಂದಿದ್ದರೂ ಅಳತೆಯ ಗೆರೆ ಅದೇ.

ಗಂಡಸಿಗೂ ಹೆಂಗಸಿಗೂ ಒಂದೇ ಗೆರೆ. ಹೆಂಗಸರಲ್ಲಿ 12ರ ಕೆಳಗಿಳಿದರೆ ಮಾತ್ರ ರಕ್ತಹೀನತೆ ಎನ್ನುವುದು ವೈದ್ಯರ ಲೆಕ್ಕ. ಹಾಗಾಗಿ 12.2 ಇರುವ ಹುಡುಗಿ ರಕ್ತಹೀನಳಲ್ಲ, ಆದರೂ ವಾಪಸ್. ಸಪ್ಪೆ ಮುಖ ಮಾಡಬೇಕಾಗಿಲ್ಲ. ಅದು ಅವಳನ್ನೇ ಕಾಯುವ ನಿಯಮ.

ಉಳಿದದ್ದು ಸುಲಭ: ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೋ. ಮತ್ತೆ ಕೊಡಲು ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು. ಹಚ್ಚೆ ಹಾಕಿಸಿಕೊಂಡಿದ್ದರೆ ಒಂದು ವರ್ಷ.

ಪ್ರಶ್ನೆಗಳ ಫಾರಂ ಅನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ಚೀಲದ ರಕ್ತಕ್ಕೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ, ನಿಜ. ಆದರೆ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಅದು ಯಂತ್ರದ ಕಣ್ಣಿಗೆ ಬೀಳದೆ ಹೋಗಬಹುದು. ಆಗ ಕೆಲಸಕ್ಕೆ ಬರುವುದು ದಾನಿಯ ನಿಜವಾದ ಉತ್ತರವೊಂದೇ. ಹಣಕ್ಕಾಗಿ ರಕ್ತ ಮಾರುವವನು ನಿಜ ಹೇಳುವನೇ? ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಬಳಿಕ, 1998ರ ಜನವರಿ 1ರಿಂದ ದೇಶದಲ್ಲಿ ರಕ್ತ ಮಾರಾಟ ನಿಂತದ್ದು ಇದಕ್ಕೇ. ಸ್ನೇಹಿತರ ಎದುರು ಸಂಕೋಚವಾದರೆ ಡಾಕ್ಟರನ್ನು ಪಕ್ಕಕ್ಕೆ ಕರೆದು ಹೇಳಿ.

ಕೊಟ್ಟ ಚೀಲ ಸಾಮಾನ್ಯವಾಗಿ ಇಡಿಯಾಗಿ ಯಾರಿಗೂ ಹೋಗುವುದಿಲ್ಲ. ಗಿರಕಿ ಯಂತ್ರದಲ್ಲಿ ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಬೇರೆಯಾಗುತ್ತವೆ. ಡೆಂಗಿ ಕಾಲದಲ್ಲಿ ಎಲ್ಲರೂ ಹುಡುಕುವ ಪ್ಲೇಟ್‌ಲೆಟ್ ಬಾಳುವುದು ಐದೇ ದಿನ. ಹಳದಿ ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿಟ್ಟರೆ ಒಂದು ವರ್ಷ. ರಕ್ತ ಹೆಪ್ಪುಗಟ್ಟದೆ ಸೋರುವ ರೋಗಿಗಳಿಗೆ ಅದು ಬೇಕು. ಇಲ್ಲೊಂದು ತಮಾಷೆಯಿದೆ. ಎಬಿ ಗುಂಪಿನವರ ಕೆಂಪುಕಣ ಎಬಿಯವರಿಗಷ್ಟೇ ಸಲ್ಲುತ್ತದೆ. ಅವರ ಪ್ಲಾಸ್ಮಾ ಮಾತ್ರ ಯಾವ ಗುಂಪಿನವರಿಗೂ ಆಗುತ್ತದೆ.