ನಾಯನಾರರ ಆಳ್ವಿಕೆಯೂ ಕಾಸರಗೋಡಿನ ಕನ್ನಡಿಗರೂ

ಕಮ್ಯೂನಿಸ್ಟ್ ಪ್ರಭುತ್ವವೆಂದೊಡನೆ ಯೂಗೋಸ್ಲಾವಿಯದ ಟಿಟೋ, ಕ್ಯೂಬಾದ ಕ್ಯಾಸ್ಟ್ರೋ ಮುಂತಾದವರ ಹೆಸರುಗಳೇ ವಾಚಕ ಮಹಾಶಯರ ಮನಸ್ಸಿಗೆ ಬರುವುವು. ಟಿಟೋ ಅವರು 1980ರಲ್ಲಿ ಕಾಲವಾಗುವವರೆಗೂ ಪೀಠದಿಂದಿಳಿಯಲಿಲ್ಲ. ಅಂಥವರನ್ನು ಇಳಿಸುವ ಉಪಾಯವು ಅವರ ಪ್ರಜೆಗಳ ಕೈಯಲ್ಲಿರಲಿಲ್ಲ. ಆದರೆ ಕನ್ನಡಿಗರಲ್ಲಿಯೇ ಒಂದು ಭಾಗದವರು ಕಮ್ಯೂನಿಸ್ಟರ ಆಳ್ವಿಕೆಯನ್ನು ಕಂಡುಂಡಿರುವರೆಂಬುದು ಸಿದ್ದಾಪುರ, ಜಯನಗರಗಳಲ್ಲಿರುವ ನಮಗೆ ಅಷ್ಟಾಗಿ ನೆನಪಾಗದ ಸಂಗತಿಯು. ಕಾಸರಗೋಡಿನ ನಮ್ಮ ಬಾಂಧವರು ಇ. ಕೆ. ನಾಯನಾರರ ಸರಕಾರದಡಿಯಲ್ಲಿ ಮೂರು ಅವಧಿಗಳನ್ನು ಕಳೆದರು.

ನಾಯನಾರರು 1919ರಲ್ಲಿ ಕಣ್ಣಾನೂರಿನ ಬಳಿಯ ಕಲ್ಯಾಶ್ಶೇರಿಯಲ್ಲಿ ಜನಿಸಿದರು. ಅವರ ಚರಿತ್ರೆಗೂ ಕನ್ನಡ ಜಿಲ್ಲೆಗೂ ಗಂಟುಬಿದ್ದುದು ಕಯ್ಯೂರಿನಲ್ಲಿ. ಆ ಗ್ರಾಮವು ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದಿತು. 1941ರ ಮಾರ್ಚಿಯಲ್ಲಿ ಅಲ್ಲಿಯ ರೈತರ ಮೆರವಣಿಗೆಗೆ ಸಿಕ್ಕಿದ ಪೋಲೀಸಿನವನೊಬ್ಬನು ಹೊಳೆಗೆ ಬಿದ್ದು ಸತ್ತನು. 1943ರ ಮಾರ್ಚಿ 29ರಂದು ನಾಲ್ವರು ಯುವಕರು ಕಣ್ಣಾನೂರಿನ ಸೆರೆಮನೆಯಲ್ಲಿ ನೇಣುಗಂಬವನ್ನೇರಿದರು. ಅದೇ ಮೊಕದ್ದಮೆಯಲ್ಲಿ ಆರೋಪಿತರಾಗಿದ್ದ ನಾಯನಾರರು ತಲೆಮರೆಸಿಕೊಂಡು ಉಳಿದರು. ಈ ದುರಂತವನ್ನು ನಮ್ಮ ನಿರಂಜನರು 'ಚಿರಸ್ಮರಣೆ' ಎಂಬ ಕಾದಂಬರಿಯಲ್ಲಿ ಕನ್ನಡಿಗರ ಮುಂದಿಟ್ಟರು.

ನೇಣಿನ ನೆರಳನ್ನು ದಾಟಿ ಬಂದ ಆ ಮನುಷ್ಯರು 1980ರಲ್ಲಿ ಕೇರಳದ ಮುಖ್ಯಮಂತ್ರಿಗಳಾದರು. ಮಿತ್ರಪಕ್ಷಗಳು ಕೈಬಿಡಲು 1981ರಲ್ಲಿ ಇಳಿದರು. 1987ರಲ್ಲಿ ಮತ್ತೆ ಬಂದು 1991ರಲ್ಲಿ ಚುನಾವಣೆಯ ತೀರ್ಪಿಗೆ ತಲೆಬಾಗಿದರು. ಮೂರನೆಯ ಸಲ 1996ರಿಂದ 2001ರವರೆಗೆ ಆಳಿದರು. ಒಟ್ಟು ಸುಮಾರು 11 ವರ್ಷ. ಅಂದಿನವರೆಗೆ ಅಷ್ಟು ಕಾಲ ಆ ಪೀಠದಲ್ಲಿದ್ದವರು ಇನ್ನೊಬ್ಬರಿರಲಿಲ್ಲ. ಪ್ರಜೆಗಳು ಇಳಿಯೆಂದಾಗ ಇಳಿದುದೇ ಅವರಿಗೂ ಟಿಟೋ ಅವರಿಗೂ ಇರುವ ಅಂತರವು.

ವರ್ಗಕಲಹವನ್ನು ಬೋಧಿಸುವ ತತ್ತ್ವವು ನಮಗೆ ಸಮ್ಮತವಲ್ಲ. ಆದರೂ ಗುಣಕ್ಕೆ ಮತ್ಸರವುಂಟೆ? ವೃದ್ಧರಾದ ಕೃಷಿಕೂಲಿಗಳಿಗೆ ಮಾಸಾಶನವನ್ನು ಅವರ ಮೊದಲನೆಯ ಸರಕಾರವು ಏರ್ಪಡಿಸಿತು. 1991ರ ಏಪ್ರಿಲ್ 18ರಂದು ಕೇರಳವು ಸಂಪೂರ್ಣ ಸಾಕ್ಷರವೆಂದು ಘೋಷಿಸಲ್ಪಟ್ಟಿತು. 1996ರಿಂದ ಯೋಜನಾ ಹಣದಲ್ಲಿ ಶೇಕಡಾ 35ರಿಂದ 40ರವರೆಗೆ ಸ್ಥಳೀಯ ಸಂಸ್ಥೆಗಳಿಗೇ ಹೋಗುವಂತಾಯಿತು. ಗ್ರಾಮಸಭೆಯಲ್ಲಿ ಕುಳಿತ ರೈತನು ತನ್ನೂರ ರಸ್ತೆಯನ್ನೂ ಬಾವಿಯನ್ನೂ ತಾನೇ ನಿಶ್ಚಯಿಸಬಲ್ಲವನಾದನು. ನಮ್ಮ ಅಧಿಕಾರಿವರ್ಗದವರು ಇದನ್ನು ವಿಚಾರಿಸಿ ನೋಡಬೇಕು.

ಇಲ್ಲಿಯೇ ನಮ್ಮ ಪ್ರಶ್ನೆಯು ಹುಟ್ಟುವುದು. ಬಾವಿಯೆಲ್ಲಿರಬೇಕೆಂದು ಹೇಳಬಲ್ಲ ಗ್ರಾಮಸ್ಥನು ತನ್ನ ನುಡಿಯ ಗತಿಯೇನೆಂದು ಹೇಳಲಾರನೆ? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಮೈಸೂರಿಗೆ ಸೇರತಕ್ಕುದೆಂದು ಮಹಾಜನ ಆಯೋಗವು 1967ರಲ್ಲಿ ವರದಿಯಿತ್ತಿತು. ಅದನ್ನು ಜಾರಿಗೆ ತರುವ ಅಧಿಕಾರವು ಕೇಂದ್ರದ್ದೇ ಹೊರತು ನಾಯನಾರರದಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ಅವರ ಮೂರು ಅವಧಿಗಳಲ್ಲಿಯೂ ವರದಿಯು ಧೂಳು ಹಿಡಿಯುತ್ತಲೇ ಇದ್ದಿತು. ಕಯ್ಯಾರ ಕಿಞ್ಞಣ್ಣ ರೈಗಳು ವಿಲೀನದ ಹಂಬಲವನ್ನು ಹೊತ್ತೇ 2015ರಲ್ಲಿ ಕಣ್ಮುಚ್ಚಿದರು.

ನಾಯನಾರರು 2004ರ ಮೇ 19ರಂದು ದಿಲ್ಲಿಯಲ್ಲಿ ನಿಧನರಾದರು. ಗತಿಸಿದವರೊಡನೆ ಜಗಳವಿಲ್ಲ. ಆದರೆ ಅವರ ಪಕ್ಷದವರಿಗೂ ಅವರ ವಿರೋಧಿಗಳಿಗೂ ನಮ್ಮ ಬಿನ್ನಹವೊಂದುಂಟು. ಕನ್ನಡಿಗರು ಕನ್ನಡದಲ್ಲಿಯೇ ಸರಕಾರಕ್ಕೆ ಬರೆಯಬಹುದೆಂದು ಕೇರಳದ 1969ರ ರಾಜಭಾಷಾ ಕಾಯಿದೆಯೇ ಹೇಳುವುದು. ಕನ್ನಡವನ್ನೋದಬಲ್ಲ ಗುಮಾಸ್ತೆಯಿಲ್ಲದ ಕಚೇರಿಯಲ್ಲಿ ಆ ಕಾಯಿದೆಗೆ ಬೆಲೆಯೇನು? ಕನ್ನಡ ಶಾಲೆಗೆ ಕನ್ನಡವರಿಯದ ಉಪಾಧ್ಯಾಯರನ್ನು ಕಳುಹಿಸಿದರೆ ಮಕ್ಕಳ ಗತಿಯೇನು? ಗಡಿಯ ವಿವಾದವು ತೀರುವವರೆಗೆ ಕಾಯದೆ ಇದನ್ನು ಸರಿಪಡಿಸಬಹುದು. ಇತ್ತ ಬೆಂಗಳೂರಿನ ನಾವೂ ರಾಜ್ಯೋತ್ಸವದ ದಿನವೊಂದರಲ್ಲಿ ಮಾತ್ರ ಕಾಸರಗೋಡನ್ನು ನೆನೆದು ಮರುದಿನ ಮರೆಯುವ ಅಭ್ಯಾಸವನ್ನು ಬಿಡತಕ್ಕುದು.