ಡಬ್ಬಿ ಸಾಗಿಸಲು ಹಳೆಯ 100 ಸಿಸಿ ಬೈಕು: ಕೊಳ್ಳಬಹುದೇ?

ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳಿಗೆ ಮಧ್ಯಾಹ್ನದ ಊಟ ಮುಟ್ಟಿಸುವ ಸದಸ್ಯರು ಆಗಾಗ ಕೇಳುವ ಪ್ರಶ್ನೆಯಿದು. ಹೊಸ ಗಾಡಿಗೆ ಹಣ ಹೊಂದದು, ಹಳೆಯ ಸ್ಪ್ಲೆಂಡರ್ ಅಗ್ಗಕ್ಕೆ ಸಿಗುತ್ತದೆ.

1994ರಲ್ಲಿ ಬಂದ ಸ್ಪ್ಲೆಂಡರಿನ 97.2 ಸಿಸಿ ಎಂಜಿನ್ನಿನ ಮೂಲ ವಿನ್ಯಾಸ ಹೆಚ್ಚು ಬದಲಾಗಿಲ್ಲ. ಬಿಡಿಭಾಗ ಸುಲಭವಾಗಿ ಸಿಗುತ್ತದೆ. ಆರ್‌ಎಕ್ಸ್ 100ರ ಮೋಹ ಬೇಡ. 1996ರಲ್ಲೇ ತಯಾರಿಕೆ ನಿಂತ ಟೂ-ಸ್ಟ್ರೋಕ್ ಗಾಡಿಗೆ ಈಗ ಶೋಕಿಯವರ ಬೆಲೆ. ಇಡ್ಲಿ ಸಾಗಿಸಲು ಅದೇಕೆ?

ಎಂಜಿನ್ನಿಗಿಂತ ಮೊದಲು ಕಾಗದಪತ್ರ ನೋಡಿ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ತಪಾಸಣೆ, ಐದೈದು ವರ್ಷದ ನವೀಕರಣ, ಜೊತೆಗೆ ಪರಿಸರ ತೆರಿಗೆ. ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 300 ರೂ.ನಿಂದ 1,000ಕ್ಕೆ ಏರಿತು; 20 ವರ್ಷ ದಾಟಿದ ಗಾಡಿಗಳಿಗೆ 2025ರಲ್ಲಿ 2,000 ಆಯಿತು. ಐದು ವರ್ಷವಾದರೂ ನೋಂದಣಿ ಉಳಿದಿದ್ದರೆ ಮಾತ್ರ ಚೌಕಾಸಿಗೆ ಕೂರಿ. ಆರ್.ಸಿ.ಯ ಚಾಸಿಸ್ ಸಂಖ್ಯೆಯನ್ನು ಗಾಡಿಯೊಡನೆ ತಾಳೆ ನೋಡಿ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಕೆಲವರು ಮೊದಲೇ ಬಿಸಿ ಮಾಡಿಟ್ಟಿರುತ್ತಾರೆ. ನೀಲಿ ಹೊಗೆ ನಿಲ್ಲದಿದ್ದರೆ ಪಿಸ್ಟನ್ ರಿಂಗ್ ಇಲ್ಲವೇ ವಾಲ್ವ್ ಸೀಲ್ ಸವೆದಿದೆ ಎಂದೇ ಲೆಕ್ಕ. ಇದನ್ನು ನೋಡದೆ ಕೊಂಡ ನಾವು ಮಳೆಗಾಲದ ಒಂದು ಮಧ್ಯಾಹ್ನ ತೀನ್ ಹಾಥ್ ನಾಕಾದಲ್ಲಿ ಮೂವತ್ತು ಡಬ್ಬಿಗಳೊಡನೆ ನಿಂತೆವು. ಆ ಕಾರ್ಖಾನೆಯ ಆರ್ಡರ್ ಮತ್ತೆ ನಮಗೆ ಬರಲಿಲ್ಲ.