ಪಂಚಮಿಯ ಪಾಲು

ಆಷಾಢದ ಮಳೆಗೆ ಘಟಪ್ರಭೆಯ ನೀರು ಕೆಂಪಾಗಿ, ಗೋಕಾಕದ ಜಲಪಾತದ ಮೊರೆತ ದೂರಕ್ಕೆ ಕೇಳತೊಡಗಿತೆಂದರೆ ಶ್ರಾವಣ ಸಮೀಪಿಸಿತೆಂದೇ ಅರ್ಥ. ಆಗ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಗಂಡನ ಮನೆಯಲ್ಲಿರುವ ಹೆಣ್ಣುಮಕ್ಕಳ ಲಕ್ಷ್ಯವೆಲ್ಲ ತವರಿನ ಹಾದಿಯ ಮೇಲೆ. ಅಣ್ಣನೋ ತಮ್ಮನೋ ಪಂಚಮಿಗೆ ಕರೆಯಲು ಬರಬೇಕು. ಹಿಂದೆ ಅವನು ಬಂಡಿ ಕಟ್ಟಿಕೊಂಡು ಬರುತ್ತಿದ್ದನು. ಇಂದು ಬಸ್ಸಿನಲ್ಲಿಯೋ ಮೋಟಾರ್ ಸೈಕಲ್ಲಿನ ಮೇಲೆಯೋ ಬರುತ್ತಾನೆ. ಹೇಗೆ ಬಂದರೂ ಸರಿಯೆ, ಒಡಹುಟ್ಟಿದವನೇ ಬಂದು ಕರೆಯಬೇಕೆಂಬ ಹಂಬಲ ಮಾತ್ರ ಹಳೆಯದೇ.

ಅಣ್ಣ-ತಂಗಿಯರ ಹಬ್ಬವೆಂದರೆ ಉತ್ತರದವರಿಗೆ ರಾಖಿಯ ಹುಣ್ಣಿಮೆ, ಮರಾಠಿಗರಿಗೆ ದೀಪಾವಳಿಯ ಭಾವುಬೀಜ. ಗಡಿನಾಡಾದ ಇಲ್ಲಿಯೂ ಅವುಗಳ ಬಳಕೆಯುಂಟು. ಆದರೆ ಇಲ್ಲಿನ ಹೆಣ್ಣುಮಕ್ಕಳ ಹೃದಯದ ಹಬ್ಬ ನಾಗರ ಪಂಚಮಿಯೇ. ನಾಗರ ಕಡಿತದಿಂದ ಅಸುನೀಗಿದ ಅಣ್ಣನನ್ನು ತಂಗಿಯೊಬ್ಬಳು ನಾಗಪ್ಪನನ್ನು ಪೂಜಿಸಿ ಬದುಕಿಸಿಕೊಂಡಳೆಂಬ ಕಥೆಯನ್ನು ಹಿರಿಯರು ಹೇಳುತ್ತಾರೆ. ಮೈಸೂರಿನ ಕಡೆ ಅಕ್ಕತಂಗಿಯರು ಆ ದಿನ ಸೋದರರ ಬೆನ್ನಿಗೆ ಹಾಲು ತುಪ್ಪ ಸವರುವ ಸಂಪ್ರದಾಯವಿರುವುದೂ ಇದೇ ಭಾವದಿಂದ.

ಹಬ್ಬ ಒಂದೇ ದಿನದ್ದಲ್ಲ. ರೊಟ್ಟಿ ಪಂಚಮಿಯಂದು ಸಜ್ಜೆ, ಜೋಳದ ರೊಟ್ಟಿಗಳು, ಬಗೆಬಗೆಯ ಚಟ್ನಿ, ಪಲ್ಯಗಳು ಮನೆಯಿಂದ ಮನೆಗೆ ಸಾಗುತ್ತವೆ. ಚೌತಿಯ ದಿನ ಹೆಂಗಸರು ಉಪವಾಸವಿದ್ದು ನಾಗಪ್ಪನಿಗೆ ಹಾಲೆರೆಯುತ್ತಾರೆ. ಶೇಂಗಾ, ಎಳ್ಳು, ರವೆ, ಗುಳ್ಳಡಕಿಗಳ ಉಂಡಿ, ತಂಬಿಟ್ಟು, ಅಳ್ಳು. ಮರದ ಕೊಂಬೆಗೋ ಮನೆಯ ತೊಲೆಗೋ ಕಟ್ಟಿದ ಜೋಕಾಲಿ. ಜೋಕಾಲಿ ಜೀಕುವಾಗ ಸೊಸೆಯೆಂಬ ಹೆಸರು ಕಳಚಿ ಬಿದ್ದು ಆಕೆ ಮತ್ತೆ ಮಗಳಾಗುತ್ತಾಳೆ.

ಹಾಲೆರೆಯುವಾಗಿನ ಮಾತೊಂದು ಗಮನಾರ್ಹವಾದುದು. ದೇವರ ಪಾಲು, ತಂದೆಯ ಪಾಲು, ತಾಯಿಯ ಪಾಲು, ಅಣ್ಣನ ಪಾಲು, ತಮ್ಮನ ಪಾಲು ಎಂದು ಒಬ್ಬೊಬ್ಬರ ಹೆಸರಿನಲ್ಲಿ ಹಾಲು ಬಿಡುತ್ತಾರೆ. ತಾನು ಎಲ್ಲಿದ್ದರೂ ಅಣ್ಣನ ಪಾಲನ್ನು ಮರೆಯದ ಆ ತಂಗಿಗೆ ತವರಿನಲ್ಲಿ ಪಾಲೆಷ್ಟು?

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಹಕ್ಕು ಕೊಟ್ಟಿತು. ಆದರೆ ಹಿರಿಯರಿಂದ ಬಂದ ಅವಿಭಕ್ತ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಗಂಡುಮಕ್ಕಳದಾಗಿಯೇ ಉಳಿಯಿತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದು ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ವಿಸ್ತರಿಸಿತಾದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ಈ ಭೇದವನ್ನು ತೊಡೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಅದೂ ಶ್ರಾವಣ ಮಾಸವೇ.

ಕಾಯ್ದೆಯ ಮಾತು ಇಷ್ಟು ನಿಚ್ಚಳವಾಗಿದ್ದರೂ ವಾಟ್ನಿಯ ಕಾಲಕ್ಕೆ ಎಷ್ಟೋ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕುತ್ತಾರೆ. ಕೆಲವರು ತುಂಬು ಮನಸ್ಸಿನಿಂದ ಹಾಕುತ್ತಾರೆ. ಉಳಿದವರ ಅಂಜಿಕೆ ಒಂದೇ: ಪಾಲು ಕೇಳಿದರೆ ಮುಂದಿನ ಪಂಚಮಿಗೆ ಅಣ್ಣ ಕರೆಯಲು ಬಂದಾನೆಯೇ? ಸೋದರರ ಕಷ್ಟವೂ ಸುಳ್ಳಲ್ಲ. ತಂಗಿಯ ಮದುವೆಯ ಸಾಲ, ಮುಪ್ಪಿನ ತಂದೆತಾಯಿಗಳ ಆರೈಕೆ, ಹೋಳಾದಷ್ಟೂ ಕಿರಿದಾಗುವ ಹೊಲ. ಹಿಡಕಲ್ ಜಲಾಶಯ, ಧುಪದಾಳದ ಒಡ್ಡುಗಳ ನೀರು ಹರಿದು ಕಬ್ಬು ಬೆಳೆದ ಮೇಲೆ ಗೇಣು ನೆಲವನ್ನೂ ಬಿಡಲು ಯಾರಿಗೂ ಮನಸ್ಸಿಲ್ಲ.

2019ರಲ್ಲಿ ಆಗಸ್ಟ್ 5ರಂದು ಪಂಚಮಿ ಬಂದಿತ್ತು. ಅದೇ ವಾರ ಘಟಪ್ರಭೆ ಉಕ್ಕಿ ಗೋಕಾಕದ ಓಣಿಗಳಿಗೆ ನುಗ್ಗಿ, ಸೇತುವೆಗಳು ಮುಳುಗಿ ಹಾದಿ ಕಡಿದವು. ನೆರೆ ಇಳಿಯಿತು, ಹಾದಿ ತೆರೆಯಿತು. ಆಸ್ತಿಯ ಮಾತಿನಿಂದ ಮುಚ್ಚಿದ ತವರಿನ ಹಾದಿ ಅಷ್ಟು ಸುಲಭವಾಗಿ ತೆರೆಯುವುದಿಲ್ಲ.

ಪಾಲು ಬಿಡುವುದಾದರೆ ತಂಗಿ ಅರಿತು ಬಿಡಲಿ, ಅಂಜಿ ಬಿಡುವುದು ಬೇಡ. ಪಾಲು ಪಡೆದ ತಂಗಿಯನ್ನೂ ಅಣ್ಣ ಮರುವರ್ಷ ಮರೆಯದೆ ಕರೆತರಲಿ. ಉಡಿ ತುಂಬುವ ಕೈ ರುಜುವಿನ ಲೆಕ್ಕ ಹಿಡಿಯಬಾರದು. ಹಾಗೆ ಕರೆತಂದ ಮನೆಯ ಜೋಕಾಲಿಯಲ್ಲಿ ಕುಳಿತವಳು ಮುಂದಿನ ಚೌತಿಗೂ ಅಣ್ಣನ ಪಾಲಿನ ಹಾಲನ್ನು ನಿಶ್ಚಯವಾಗಿ ಎರೆಯುತ್ತಾಳೆ.